ಹಲಗೆ ಬಿಡದ ಕಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಂಚು ನಿಲ್ಲುವ ಧಕ್ಕೆಯ ತುದಿಯಲ್ಲಿ, ಇರುವ ಒಂದೇ ದೀಪದ ಕೆಳಗೆ, ಹಲಗೆಯಕ್ಕ ಸೊಂಟ ಬಗ್ಗಿಸಿ ನೀರು ನೋಡುತ್ತಿದ್ದಾರೆ. ಇಳಿತದ ಹೊತ್ತು. ಧಕ್ಕೆಯ ಕಲ್ಲಿಗೆ ಹತ್ತಿದ ಪಾಚಿಯೆಲ್ಲ ಬಯಲಾಗಿದೆ. ನೀರು ಇಷ್ಟು ತಗ್ಗಿದರೆ ಲಾಂಚು ಧಕ್ಕೆಗಿಂತ ಎಷ್ಟೋ ಕೆಳಗೆ ನಿಲ್ಲುತ್ತದೆ, ಮಧ್ಯದ ಹಲಗೆ ಜಾರುಬಂಡೆಯಾಗುತ್ತದೆ. “ಇವತ್ತು ಇಳಿಜಾರು ಜಾಸ್ತಿ, ಹುಷಾರು ಕಣ್ರಪ್ಪಾ” ಎಂದು ಇನ್ನೂ ಬಾರದ ಜನರಿಗೆ ಈಗಲೇ ಹೇಳಿಕೊಳ್ಳುತ್ತಾ, ಸೆರಗು ಸಿಕ್ಕಿಸಿ, ಚೀಲದಿಂದ ಹಿಡಿ ಹಿಡಿ ಮರಳು ತೆಗೆದು ಹಲಗೆಯ ಮೇಲೆ ಉದುರಿಸುತ್ತಾರೆ.

ಆಚೆ ದಡದಿಂದ ಮೊದಲ ಲಾಂಚು ಬಂದು ಧಕ್ಕೆಗೆ ಕಟ್ಟಿದ ಹಳೇ ಟೈರುಗಳಿಗೆ ಮೈ ತಿಕ್ಕುತ್ತದೆ. ಹಗ್ಗ ಬಂದು ಬೀಳುತ್ತದೆ, ಅಕ್ಕ ಅದನ್ನು ಗೂಟಕ್ಕೆ ಸುತ್ತುತ್ತಾರೆ. ಆಮೇಲೆ ಹಲಗೆ. ಅವರ ಎತ್ತರದ ಎರಡರಷ್ಟು ಉದ್ದ, ಇಬ್ಬರು ಗಂಡಸರು ಹೊರುವಷ್ಟು ಭಾರ. ಅಕ್ಕ ಒಬ್ಬರೇ ಅದರ ತುದಿಯನ್ನು ತೊಡೆಗೆ ಏರಿಸಿಕೊಂಡು ಒಂದೇ ಉಸಿರಿಗೆ ಲಾಂಚಿನ ಅಂಚಿಗೆ ತಳ್ಳುತ್ತಾರೆ. ಧಡ್ ಎಂದು ಕೂರುತ್ತದೆ. ದಡದ ಕಡೆಯ ತುದಿಯ ಮೇಲೆ ತಮ್ಮ ಬಲಗಾಲು ಊರುತ್ತಾರೆ. ಕೊನೆಯ ಮನುಷ್ಯ ದಾಟುವ ತನಕ ಆ ಕಾಲು ಅಲ್ಲಿಂದ ಕದಲುವುದಿಲ್ಲ.

ಜನ ಇಳಿಯುತ್ತಾರೆ, ಜನ ಹತ್ತುತ್ತಾರೆ. ಆಸ್ಪತ್ರೆಯ ಆಯಾ, ಹಾಲಿನ ಕ್ಯಾನಿನವರು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡ ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ ನಡೆಯುವ ರಾತ್ರಿ ಪಾಳಿಯ ವಾಚ್‌ಮನ್. ಅಕ್ಕ ಯಾರ ಕೈಯನ್ನೂ ಹಿಡಿಯುವುದಿಲ್ಲ. ತಮ್ಮ ಮುಂಗೈ ಚಾಚಿ ನಿಲ್ಲುತ್ತಾರೆ, ಬೇಕಾದವರು ಹಿಡಿದುಕೊಳ್ಳಬೇಕು. “ನಾನು ಹಿಡ್ಕೊಂಡ್ರೆ ನನ್ನ ನಂಬ್ಕೊಂಡು ಕಾಲ ಕೆಳಗೆ ನೋಡೋದೇ ಬಿಟ್ಬಿಡ್ತಾರೆ. ಅವರೇ ಹಿಡ್ಕೊಂಡ್ರೆ ತಾವು ಬೀಳಬಹುದು ಅನ್ನೋದು ನೆನಪಲ್ಲಿರುತ್ತೆ” ಎನ್ನುತ್ತಾರೆ. ಹಾಗೆ ಹಿಡಿಸಿಕೊಂಡೂ ಹಿಡಿಸಿಕೊಂಡೂ ಅವರ ಎಡ ಮುಂಗೈಯ ಚರ್ಮ ಅಂಗೈಗಿಂತ ಗಟ್ಟಿಯಾಗಿದೆ.

ಲಾಂಚಿನ ಡ್ರೈವರು ಗಂಟೆ ಹೊಡೆಯುತ್ತಿದ್ದಂತೆ ಬೀದಿಯ ಆ ತುದಿಯಿಂದ ಕೂಗು ಬರುತ್ತದೆ: “ಹಲಗೇ!” ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಬ್ಬಾತ ಬಿದ್ದಂಬೀಳ ಓಡಿ ಬರುತ್ತಿದ್ದಾನೆ. ಅಕ್ಕ ತಿರುಗಿಯೂ ನೋಡುವುದಿಲ್ಲ. ಕಾಲು ಹಲಗೆಯ ಮೇಲೇ ಇದೆ, ಹಲಗೆ ಇರುವ ತನಕ ಲಾಂಚು ಹೊರಡುವ ಹಾಗಿಲ್ಲ. ಡ್ರೈವರು ಗೊಣಗುತ್ತಾನೆ, ಇಂಜಿನ್ನೂ ಗೊಣಗುತ್ತದೆ. ಓಡಿ ಬಂದವನು ಹತ್ತಿದ ಮೇಲೆಯೇ ಹಲಗೆ ಮೇಲೇಳುವುದು. ಈ ಕೂಗು ಊರಿನ ಮಾತಿನಲ್ಲೇ ಸೇರಿಹೋಗಿದೆ. ಬೆಳಗ್ಗೆ ಏಳದ ಮಕ್ಕಳಿಗೆ ತಾಯಂದಿರು “ಏಳೋ, ಹಲಗೆ ಎತ್ತಿಬಿಟ್ರು!” ಎಂದು ಹೊದಿಕೆ ಎಳೆಯುತ್ತಾರೆ. ತಡವಾಗಿ ಮದುವೆಯಾದವರನ್ನು “ಪಾಪ, ಹಲಗೆ ಎತ್ತೋ ಹೊತ್ತಿಗೆ ಹತ್ತಿಕೊಂಡ” ಎಂದು ಆಡಿಕೊಳ್ಳುತ್ತಾರೆ.

ಆದರೆ ಅಕ್ಕನ ಮನಸ್ಸು ಈ ವಾರ ಇಲ್ಲಿಲ್ಲ. ಕೈ ಕೆಲಸ ಮಾಡುತ್ತದೆ, ತಲೆ ಸೋಮವಾರದ ಲೆಕ್ಕ ಹಾಕುತ್ತಿರುತ್ತದೆ. ಈ ಧಕ್ಕೆ ಮುಚ್ಚುತ್ತಿದೆ. ಹೊಳೆಯ ಎರಡು ತಿರುವು ದಾಟಿ ಕೆಳಗೆ, ಹೆದ್ದಾರಿಯ ಪಕ್ಕ, ಹೊಸ ಟರ್ಮಿನಲ್ ಎದ್ದಿದೆ. ಅಲ್ಲಿ ಅಕ್ಕನಿಗೆ ಗೇಟಿನ ಕೆಲಸ ಸಿಗುವುದೋ ಇಲ್ಲವೋ ಎನ್ನುವುದು ಸೋಮವಾರದ ಪರೀಕ್ಷೆಯಲ್ಲಿ ತೀರ್ಮಾನವಾಗಬೇಕು. ಐವತ್ತು ದಾಟಿದ ಹೆಂಗಸಿಗೆ, ಹಲಗೆ ಬಿಟ್ಟು ಬೇರೇನನ್ನೂ ಎತ್ತಿ ಗೊತ್ತಿಲ್ಲದವರಿಗೆ, ಆ ಕೆಲಸ ತಪ್ಪಿದರೆ ಇನ್ನೊಂದು ಎಲ್ಲಿಂದ ಬರಬೇಕು? ಮನೆಯಲ್ಲಿ ದುಡಿಯುವ ಜೀವ ಇದೊಂದೇ.

ಮನೆಯೆಂದರೆ ಅತ್ತೆ, ಸೊಸೆ, ಇಬ್ಬರೇ. ಮಕ್ಕಳಿಲ್ಲ. ಲಾಂಚಿನ ಇಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡು ಎಂಟು ವರ್ಷ. ಗಂಡ ಲಾಂಚಿಗೆ ಸೇರುವುದಕ್ಕೆ ಮೊದಲೇ ಈ ಹಲಗೆ ಈ ಮನೆಯದು. ಅಕ್ಕನಿಗೆ ಮುಂಚೆ ಧಕ್ಕೆಯಲ್ಲಿ ಕಾಲೂರಿ ನಿಂತಿದ್ದವರು ಅತ್ತೆಯೇ. ಮದುವೆಯಾದ ಹೊಸತರಲ್ಲಿ ಅತ್ತೆಯ ಮೊಣಕಾಲು ಕೈಕೊಟ್ಟಿತು, ಸೊಸೆ ಹೋಗಿ ನಿಂತಳು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನಮ್ಮನೇಲಿ ಇಬ್ಬರಿಗೂ ಒಂದೇ ಕಾಲು, ಬಲಗಾಲು” ಎಂದು ಮುದುಕಿ ಬೊಚ್ಚುಬಾಯಿ ತೆರೆದು ನಗುತ್ತಾರೆ. ಕಿವಿ ಮಂದ, ಹಾಗಾಗಿ ತಮ್ಮ ಮಾತು ಲೋಕಕ್ಕೂ ಕೇಳಿಸದೆಂದು ತಿಳಿದು ಕೂಗಿಯೇ ಮಾತಾಡುತ್ತಾರೆ. ಮೊದಲ ದಿನ ಅವರು ಸೊಸೆಗೆ ಕಲಿಸಿದ್ದು ಹಗ್ಗ ಸುತ್ತುವುದನ್ನಲ್ಲ, ಹಲಗೆ ತಳ್ಳುವುದನ್ನಲ್ಲ. “ಯಾರಾದ್ರೂ ಹಲಗೇ ಅಂತ ಕೂಗಿದ್ರೆ ಯಾರು, ಏನು, ಯಾಕೆ ಅಂತ ಯೋಚಿಸ್ತಾ ನಿಲ್ಬೇಡ. ಮೊದಲು ಕಾಲಿಡು. ಯೋಚನೆ ಆಮೇಲೆ ಮಾಡ್ಕೋ.”

ದಿನಕ್ಕೆ ಇಪ್ಪತ್ತಾರು ಸಲ ಹಲಗೆ ಹಾಕಬೇಕು, ಇಪ್ಪತ್ತಾರು ಸಲ ಎತ್ತಬೇಕು. ಸಂತೆಯ ದಿನ ಅದಕ್ಕೂ ಹೆಚ್ಚು. ಬಿಸಿಲಿಗೆ ಮರ ಕಾದು ಕೈ ಸುಡುತ್ತದೆ, ಚಳಿಯಲ್ಲಿ ಕಬ್ಬಿಣದ ಕೊಕ್ಕೆ ಬೆರಳನ್ನು ಕಚ್ಚುತ್ತದೆ. ಎರಡು ಸಲ ಕಾಲ್ಬೆರಳ ಉಗುರು ಕಿತ್ತುಹೋಗಿದೆ, ಒಂದು ಸಲ ಸೊಂಟ ಹಿಡಿದು ಹದಿನೈದು ದಿನ ಮಲಗಿದ್ದಾರೆ. ಆ ಹದಿನೈದು ದಿನ ನಾಲ್ಕು ಜನ ಸರದಿಯ ಮೇಲೆ ನಿಂತರೂ ಊರವರು ದೂರು ಹೇಳುವುದು ನಿಲ್ಲಲಿಲ್ಲವಂತೆ. ಅದನ್ನು ಹೇಳುವಾಗ ಅಕ್ಕನ ಮುಖದಲ್ಲಿ ಸಣ್ಣ ಖುಷಿ ಮಿಂಚಿ ಮರೆಯಾಗುತ್ತದೆ.

ಹೊಸ ಟರ್ಮಿನಲ್ಲನ್ನು ಬೈಯಲು ಬಾಯಿ ಬರುವುದಿಲ್ಲ, ಅಷ್ಟು ಚೆನ್ನಾಗಿದೆ. ನೀರಿನೊಡನೆ ತಾನೂ ಏರಿಳಿಯುವ ತೇಲುವ ಕಟ್ಟೆ, ಅದರಿಂದ ಲಾಂಚಿಗೆ ಮೋಟಾರಿನಲ್ಲಿ ಚಾಚಿಕೊಳ್ಳುವ ಉಕ್ಕಿನ ದಾರಿ, ಕೂರಲು ನೆರಳು, ಕುಡಿಯಲು ತಣ್ಣೀರು. ಪ್ರಾಯೋಗಿಕ ಓಡಾಟದ ದಿನ ಊರಿನ ಕುಂಟ ಟೈಲರು ಗಾಲಿಕುರ್ಚಿಯನ್ನು ಯಾರ ಸಹಾಯವೂ ಇಲ್ಲದೆ ತಾನೇ ಉರುಳಿಸಿಕೊಂಡು ಲಾಂಚು ಹತ್ತಿದ. ಹಲಗೆಯ ಕಾಲದಲ್ಲಿ ಅವನನ್ನು ಮೂಟೆಯಂತೆ ಎತ್ತಿಕೊಂಡು ಹೋಗಬೇಕಿತ್ತು, ಆ ನಾಚಿಕೆಗೇ ಅವನು ಹೊಳೆ ದಾಟುವುದನ್ನು ಬಿಟ್ಟುಬಿಟ್ಟಿದ್ದ. “ಅವನ ಮುಖ ನೋಡಿ ನನಗೆ ಅಳು ಬಂತು. ನಮ್ಮ ಹಲಗೆ ಅವನಿಗೆ ಏನ್ ಮಾಡ್ತು, ಹೇಳಿ?” ಎಂದು ಅಕ್ಕನೇ ಕೇಳುತ್ತಾರೆ.

ಆದರೂ ಊರಿಗೆ ನಿದ್ದೆಯಿಲ್ಲ. ಧಕ್ಕೆಯ ಬೀದಿ ಬದುಕಿದ್ದೇ ಲಾಂಚಿನಿಂದ. ಚಹಾದಂಗಡಿಯವನು ಒಲೆ ಹಚ್ಚುವುದು ಮೊದಲ ಗಂಟೆಗೆ, ಕೊಡೆ ರಿಪೇರಿಯವನ ಗಿರಾಕಿಗಳು ಲಾಂಚಿಗೆ ಕಾಯುವವರೇ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಎದ್ದು ಓಡಿದವರ ಕಥೆಗಳೇ ಹತ್ತಾರಿವೆ. ಇವರಲ್ಲಿ ಯಾರಿಗೂ ಟರ್ಮಿನಲ್ಲಿನೊಳಗೆ ಜಾಗ ಸಿಕ್ಕಿಲ್ಲ. ಲಾಡ್ಜಿನವನು ಬೋರ್ಡು ತೊಳೆಸುವುದನ್ನು ಬಿಟ್ಟಿದ್ದಾನೆ. ಊರಿನಿಂದ ಟರ್ಮಿನಲ್ಲಿಗೆ ಬಸ್ಸು ಹತ್ತಿ ಹೋಗಬೇಕು, ಬಸ್ಸು ತಡವಾದರೆ ಲಾಂಚು ಸಿಗದು. ಬಾಗಿಲೋ, ಹೊರಡುವುದಕ್ಕೆ ಮೂರು ನಿಮಿಷ ಮೊದಲೇ ತಾನಾಗಿ ಮುಚ್ಚಿಕೊಳ್ಳುವ ಗಾಜಿನ ಗೇಟು. ಆಸ್ಪತ್ರೆ ಒಂದು ದಡದಲ್ಲಿ, ಕಾಲೇಜು ಇನ್ನೊಂದು ದಡದಲ್ಲಿ. ಎರಡೂ ಕಡೆಯ ಜನ ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕು ಎಂಬ ಲೆಕ್ಕದಲ್ಲಿದ್ದಾರೆ.

ಆ ಗಾಜಿನ ಗೇಟಿನಲ್ಲೇ ಅಕ್ಕನ ಎಡವಟ್ಟು ಆಗಿದ್ದು. ಧಕ್ಕೆಯ ಕೆಲಸದವರನ್ನು ಟರ್ಮಿನಲ್ಲಿಗೇ ತೆಗೆದುಕೊಳ್ಳುತ್ತೇವೆಂದು ಹೊಸ ಮ್ಯಾನೇಜರು ಮಾತು ಕೊಟ್ಟಿದ್ದರು. ಅಕ್ಕನಿಗೆ ಗೇಟಿನ ಪಕ್ಕ ನಿಲ್ಲುವ ಕೆಲಸ. ಪ್ರಾಯೋಗಿಕ ಓಡಾಟದ ದಿನ ಅವರಿಗೆ ಹಳದಿ ಜಾಕೆಟ್ಟು, ಕಪ್ಪು ಬೂಟು ಕೊಟ್ಟು ನಿಲ್ಲಿಸಿದರು. ಹೇಳಿದ್ದು ಒಂದೇ ಮಾತು: ಗೇಟು ಮುಚ್ಚಲು ಶುರುವಾದ ಮೇಲೆ ಯಾರೂ ಅಡ್ಡ ಬರಕೂಡದು, ನೀವಂತೂ ಕೂಡದೇ ಕೂಡದು. ಮೊದಲ ಓಡಾಟಕ್ಕೆ ಕರೆಸಿದ್ದ ದೊಡ್ಡ ಮನುಷ್ಯರೆಲ್ಲ ಲಾಂಚಿನಲ್ಲಿ ಕೂತಾಗಿತ್ತು. ಪೀಂ ಪೀಂ ಎಂದು ಗೇಟು ಸರಿಯತೊಡಗಿತು. ನೋಡಲು ಬಂದ ಜನರ ಗುಂಪಿನಿಂದ, ಅಕ್ಕನ ಬಾಲ್ಯದ ಗೆಳತಿ, ಮೀನು ಮಾರುವಾಕೆ, ತಮಾಷೆಗೆಂದು ಗಂಟಲು ಬಿಚ್ಚಿ ಕೂಗಿದಳು: “ಹಲಗೇ!”

“ತಲೆಗೆ ಗೊತ್ತಾಗೋ ಮುಂಚೆ ಕಾಲು ಹೋಗಿತ್ತು” ಎನ್ನುತ್ತಾರೆ ಅಕ್ಕ. ಬೂಟು ಗೇಟಿನ ಸಂದಿಗೆ ಸಿಕ್ಕಿತು. ಕೆಂಪು ದೀಪ, ಸೈರನ್ನು. ಹಿಂದೆ ಸರಿಯುತ್ತಿದ್ದ ಉಕ್ಕಿನ ದಾರಿ ಅರ್ಧಕ್ಕೇ ನಿಂತಿತು. ದೊಡ್ಡವರೆಲ್ಲ ಅತ್ತ ಹೋಗಲಾರದೆ, ಇತ್ತ ಇಳಿಯಲಾರದೆ, ಮೆಕ್ಯಾನಿಕ್ಕು ಬರುವ ತನಕ ಲಾಂಚಿನಲ್ಲಿ ಬೆವರುತ್ತಾ ಕೂತರು. ಗುಂಪು ಮೊದಲು ಗೊಳ್ಳೆಂದಿತು, ಆಮೇಲೆ ತೆಪ್ಪಗಾಯಿತು. ಎಲ್ಲರಿಗಿಂತ ಮೊದಲು ನಕ್ಕವಳು ಗೆಳತಿ, ಎಲ್ಲರಿಗಿಂತ ಮೊದಲು ಮುಖ ಮುಚ್ಚಿಕೊಂಡವಳೂ ಅವಳೇ. “ನನ್ನ ನಾಲಿಗೆಗೆ ಬೆಂಕಿ ಬೀಳ” ಎಂದು ಆವತ್ತಿನಿಂದ ಅವಳು ಮೀನಿನ ಬುಟ್ಟಿಯ ಮುಂದೆ ಕೂತು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಾಳೆ. ಬಸ್ಸಿನವರು ಮೀನಿನ ಬುಟ್ಟಿ ಹತ್ತಿಸುತ್ತಾರೋ ಇಲ್ಲವೋ ಎಂಬ ಅವಳದೇ ಚಿಂತೆ ಬೆಟ್ಟದಷ್ಟಿದೆ, ಅದರ ಮೇಲೆ ಈ ಪಾಪದ ಹೊರೆ.

ಮ್ಯಾನೇಜರು ಕೆಟ್ಟವರಲ್ಲ. ಚಿಕ್ಕ ವಯಸ್ಸು, ಮೆಲು ಮಾತು. ಅಕ್ಕನನ್ನು ಕೂರಿಸಿಯೇ ಮಾತಾಡಿದರು. “ಅಮ್ಮಾ, ಮುಚ್ಚೋ ಗೇಟಿಗೆ ಯಾರೋ ಕಾಲಿಟ್ಟು, ಲಾಂಚು ಹೊರಟು, ಮಧ್ಯದಲ್ಲಿ ಒಬ್ಬರು ನೀರಿಗೆ ಬಿದ್ದಿದ್ದನ್ನ ನಾನು ಬೇರೆ ಕಡೆ ಕಣ್ಣಾರೆ ನೋಡಿದೀನಿ. ನಿಮ್ಮ ಒಳ್ಳೇತನಕ್ಕೆ ಯಾರದೋ ಜೀವ ಹೋಗಬಾರದಲ್ಲ?” ಅಕ್ಕ ತಲೆಯಾಡಿಸಿದರು. ಅವರು ಹೇಳುವುದರಲ್ಲಿ ತಪ್ಪೇನೂ ಕಾಣಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಕೊನೆಗೆ ತೀರ್ಮಾನ ಇದು: ಸೋಮವಾರ ಮತ್ತೊಂದು ಪರೀಕ್ಷೆ. ಗೇಟು ಮುಚ್ಚುವಾಗ ಒಬ್ಬರು ಓಡಿ ಬರುತ್ತಾರೆ. ಅಕ್ಕ ಕೈ ಕಟ್ಟಿ ನಿಲ್ಲಬೇಕು. ನಿಂತರೆ ಕೆಲಸ, ಇಲ್ಲವೆಂದರೆ ಇಲ್ಲ.

ಅಂದಿನಿಂದ ಮನೆಯಲ್ಲಿ ತಾಲೀಮು ನಡೆಯುತ್ತಿದೆ. ಸಂಜೆ ಕೆಲಸ ಮುಗಿಸಿ ಬಂದು ಅಕ್ಕ ಬಾಗಿಲ ಬಳಿ ಬೂಟು ಹಾಕಿಕೊಂಡು ನಿಲ್ಲುತ್ತಾರೆ. ಮಂಚದ ಮೇಲಿಂದ ಅತ್ತೆ ಕೂಗಬೇಕು. ಮುದುಕಿಗೆ ಈ ಕೆಲಸ ಸಿಕ್ಕಿದ್ದೇ ಹಬ್ಬ. “ಹಲಗೇ!” ಎಂದು ಅವರು ಕೂಗುವ ರಭಸಕ್ಕೆ ಪಕ್ಕದ ಮನೆಯವರು ತಟ್ಟೆ ಬಿಟ್ಟು ಎದ್ದು ಬರುತ್ತಾರೆ. ಮೊದಲ ದಿನ ಹತ್ತು ಸಲಕ್ಕೆ ಹತ್ತು ಸಲವೂ ಬಲಗಾಲು ಮುಂದೆ ನೆಗೆಯಿತು. ಎರಡನೆಯ ದಿನ ಅಕ್ಕ ಎರಡೂ ಕಾಲು ಸೇರಿಸಿ ಟವೆಲು ಕಟ್ಟಿಕೊಂಡರು, ಕೂಗು ಬಿದ್ದಾಗ ಕಾಲು ಕೇಳದೆ ಮುಗ್ಗರಿಸಿ ಬಾಗಿಲ ಚಿಲಕಕ್ಕೆ ಹಣೆ ಬಡಿದುಕೊಂಡರು. ಅತ್ತೆ ಬಿದ್ದು ಬಿದ್ದು ನಕ್ಕು, ಆಮೇಲೆ ಕಣ್ಣೊರೆಸಿಕೊಂಡರು. “ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇದು ನಿನ್ನ ಹುಟ್ಟುಗುಣಾನೂ ಅಲ್ವಲ್ಲೇ, ನಾನು ಹತ್ತಿಸಿದ ರೋಗ.”

“ನೀವು ಕಲಿಸಿದ್ದು ಸರಿಯಾಗೇ ಇತ್ತು ಅತ್ತೆ. ಇನ್ನೊಂದ್ಸಲ ಕೂಗಿ.”

“ಗಂಟಲು ಒಣಗಿತು, ನೀರು ಕೊಟ್ಟು ಕೂಗ್ಸು.”

ಶನಿವಾರದ ಹೊತ್ತಿಗೆ ಕಾಲು ಹಿಡಿತಕ್ಕೆ ಬಂದಿದೆ. ಹತ್ತು ಕೂಗಿಗೆ ಎರಡು ಸಲ ಮಾತ್ರ ಹಿಮ್ಮಡಿ ಏಳುತ್ತದೆ. ಭಾನುವಾರ ಒಮ್ಮೆಯೂ ಏಳುವುದಿಲ್ಲ, ಬೂಟಿನೊಳಗೆ ಬೆರಳು ಮಾತ್ರ ಮಡಚಿಕೊಳ್ಳುತ್ತವೆ. ಅದು ಹೊರಗೆ ಕಾಣುವುದಿಲ್ಲವೆಂದು ಅಕ್ಕ ತಮಗೆ ತಾವೇ ಧೈರ್ಯ ಹೇಳಿಕೊಳ್ಳುತ್ತಾರೆ. ಆದರೆ ಊಟ ಸೇರುವುದಿಲ್ಲ. ಧಕ್ಕೆಯಲ್ಲಿ ಬೆಳಗಿನಿಂದ ಸಂಜೆ ತನಕ ಕೂಗಿಗೆ ಕಾಲಿಡಬೇಕು, ಮನೆಗೆ ಬಂದು ಕೂಗಿಗೆ ಕಾಲಿಡದಿರುವುದನ್ನು ಕಲಿಯಬೇಕು. “ನಾಯಿ ಸಾಕಿದೋರು ಹೇಳ್ತಾರಲ್ಲ, ಒಂದಕ್ಕೆ ಇಬ್ಬರು ಯಜಮಾನರಿರಬಾರದು ಅಂತ. ನನ್ನ ಕಾಲಿಗೆ ಹಾಗಾಗಿದೆ” ಎಂದು ಬಲ ಮೊಣಕಾಲನ್ನು ಒತ್ತಿಕೊಳ್ಳುತ್ತಾರೆ.

ಸೋಮವಾರ ಬಂದೇ ಬಿಡುತ್ತದೆ. ಟರ್ಮಿನಲ್ಲಿನ ನೆಲ ಕನ್ನಡಿಯಂತೆ ಹೊಳೆಯುತ್ತಿದೆ. ಅಕ್ಕ ಹಳದಿ ಜಾಕೆಟ್ಟಿನಲ್ಲಿ ಗೇಟಿನ ಪಕ್ಕ ನಿಂತಿದ್ದಾರೆ. ಬೆವರಿದ ಅಂಗೈಗಳನ್ನು ಕಂಕುಳಲ್ಲಿ ಅಡಗಿಸಿ ಕೈ ಕಟ್ಟಿದ್ದಾರೆ. ಗೆಳತಿಯನ್ನು ಒಳಗೆ ಬಿಟ್ಟಿಲ್ಲ, ಅವಳು ಹೊರಗಿನ ಗಾಜಿಗೆ ಮೂಗು ಒತ್ತಿ, ಬಾಯಿಗೆ ಎರಡೂ ಕೈ ಮುಚ್ಚಿಕೊಂಡು ನೋಡುತ್ತಿದ್ದಾಳೆ. ಪೀಂ ಪೀಂ ಶುರುವಾಗುತ್ತದೆ. ಉದ್ದನೆಯ ಓಣಿಯ ತುದಿಯಿಂದ ಆಫೀಸಿನ ಒಬ್ಬ ಯುವಕ ಬ್ಯಾಗು ಹಿಡಿದು ಓಡಿ ಬರುತ್ತಾನೆ. ಮ್ಯಾನೇಜರು ಹೇಳಿಕೊಟ್ಟಿದ್ದಾರೆ ಅನ್ನಿಸುತ್ತದೆ, ಅದೇ ಕೂಗು ಕೂಗುತ್ತಾನೆ: “ಹಲಗೇ! ಹಲಗೇ!” ಅಕ್ಕ ನಿಂತೇ ಇರುತ್ತಾರೆ. ಕಾಲು ಅಲುಗುವುದಿಲ್ಲ, ಹಿಮ್ಮಡಿ ಏಳುವುದಿಲ್ಲ. ಗೇಟು ಕೂಡಿಕೊಳ್ಳುತ್ತದೆ, ಲಾಂಚು ಹೊರಡುತ್ತದೆ, ಯಾರೋ ಚಪ್ಪಾಳೆ ತಟ್ಟುತ್ತಾರೆ. ಹೊರಗೆ ಗೆಳತಿ ಕುಣಿಯುವುದೊಂದು ಬಾಕಿ.

ಮ್ಯಾನೇಜರು ನಗುತ್ತಾ ಬರುತ್ತಾರೆ. “ನೋಡಿದ್ರಾ, ಆಗುತ್ತೆ ನಿಮ್ಮ ಕೈಲಿ! ಇನ್ಮೇಲೂ ಹೀಗೇ ನಿಲ್ತೀರಲ್ಲಮ್ಮ?”

ಹೂಂ ಎಂದರೆ ಮುಗಿಯಿತು. ಅಕ್ಕ ಅನ್ನುವುದಿಲ್ಲ. ಹೇಳಬಾರದು ಹೇಳಬಾರದು ಎಂದುಕೊಂಡೇ ಹೇಳಿಬಿಡುತ್ತಾರೆ. “ಸಾರ್, ಈ ಹುಡುಗ ಗೇಟು ನೋಡ್ಕೊಂಡು ಓಡಿ ಬಂದ. ಮುಚ್ಚುತ್ತಾ ಇಲ್ವಾ ಅಂತ. ನಿಜವಾಗ್ಲೂ ಲಾಂಚು ಬೇಕಾದೋರು ಗೇಟು ನೋಡಲ್ಲ, ನನ್ನ ಮುಖ ನೋಡ್ತಾರೆ. ಹಾಗೆ ನೋಡ್ಕೊಂಡು ಒಬ್ಬರು ಬಂದ್ರೆ ನಾನು ಹೀಗೇ ನಿಂತಿರ್ತೀನಿ ಅಂತ ಮಾತು ಕೊಡೋಕೆ ನನಗೆ ಭಯ ಆಗುತ್ತೆ. ನೀವು ಹೇಳಿದ್ರಲ್ಲ, ಯಾರೋ ನೀರಿಗೆ ಬಿದ್ರು ಅಂತ. ಅದು ನನ್ನಿಂದ ಆಗಬಾರದು.”

ಮ್ಯಾನೇಜರ ನಗು ಹಾಗೇ ನಿಲ್ಲುತ್ತದೆ. ಓಡಿ ಬಂದ ಯುವಕ ಬ್ಯಾಗನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾನೆ. “ಯೋಚನೆ ಮಾಡಿ ಹೇಳ್ತೀನಿ, ನೀವು ಹೋಗಿರಿ” ಎನ್ನುತ್ತಾರೆ ಮ್ಯಾನೇಜರು.

ಹೊರಗೆ ಬಂದ ಮೇಲೆ ಗೆಳತಿ ತಲೆ ಚಚ್ಚಿಕೊಳ್ಳುತ್ತಾಳೆ. “ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನೀನೇ ಮಾಡ್ಕೊಂಡ್ಯಲ್ಲೇ! ಒಂದು ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಅಕ್ಕ ಬಸ್ಸಿನ ಕಡೆ ನಡೆಯುತ್ತಾರೆ. ಮನೆಯಲ್ಲಿ ಅತ್ತೆ ಪೂರ್ತಿ ಕೇಳಿಸಿಕೊಂಡು, ಕೂಗದೆ, ಮೆಲ್ಲಗೆ ಮಾತಾಡುತ್ತಾರೆ. ಅದೊಂದೇ ಸಾಕು, ಸೊಸೆಗೆ ಇನ್ನಷ್ಟು ಹೆದರಿಕೆಯಾಗಲು. “ಸುಳ್ಳು ಹೇಳಿ ನಿಂತಿದ್ರೂ ದಿನಾ ನಡುಗ್ತಾ ನಿಲ್ಬೇಕಿತ್ತು. ಹೋಗ್ಲಿ ಬಿಡು” ಎನ್ನುತ್ತಾರೆ. ಆ ಬಿಡು ಎನ್ನುವುದು ಇಬ್ಬರಿಗೂ ಸಾಧ್ಯವಾಗುವುದಿಲ್ಲ. ಬಾಗಿಲ ಬಳಿ ಯಾರು ಸುಳಿದರೂ ಟರ್ಮಿನಲ್ಲಿನವರೇ ಎಂದು ಎದೆ ಹಾರುತ್ತದೆ. ಧಕ್ಕೆ ಮುಚ್ಚುವ ದಿನ ಕೊನೆಯ ಲಾಂಚಿಗೆ ಹಲಗೆ ಎತ್ತುವಾಗಲೂ ಅಕ್ಕನಿಗೆ ನಾಳೆ ತನಗೆ ಕೆಲಸವಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಅಳಲೂ ಬಿಡುವಾಗಲಿಲ್ಲ ಎನ್ನುತ್ತಾರೆ.

ಕರೆ ಬರುತ್ತದೆ, ಆವತ್ತೇ ಸಂಜೆ. ಗೇಟಿನ ಕೆಲಸ ಇಲ್ಲ. ಕಾಯುವ ಹಾಲಿನಲ್ಲಿ ಬೆಂಚು ಒರೆಸಿ, ಕುಡಿಯುವ ನೀರು ತುಂಬಿಸಿಡುವ ಕೆಲಸವಿದೆ, ಬರುತ್ತೀರಾ? ಅಕ್ಕ ಬರುತ್ತೇನೆನ್ನುತ್ತಾರೆ. ಅಂದು ಅತ್ತೆ ಸೊಸೆ ಇಬ್ಬರೂ ಹೊಟ್ಟೆ ತುಂಬ ಉಣ್ಣುತ್ತಾರೆ.

ಟರ್ಮಿನಲ್ಲಿನ ಮೊದಲ ಬೆಳಗ್ಗೆ ಎಲ್ಲರೂ ಹೆದರಿದ್ದೇ ಆಗುತ್ತದೆ: ಬಸ್ಸು ತಡ. ಪೀಂ ಪೀಂ ಕೇಳಿದ ಕೂಡಲೇ ಅಕ್ಕ ಗೇಟಿಗೆ ಬೆನ್ನು ಹಾಕಿ, ಎರಡೂ ಕೈಗಳಿಂದ ಬೆಂಚನ್ನು ಅವುಚಿ ಹಿಡಿದುಕೊಳ್ಳುತ್ತಾರೆ. ಹಿಂದಿನಿಂದ ಓಡುವ ಸದ್ದು, ಆಮೇಲೆ ಗಾಜನ್ನು ಗುದ್ದುವ ಸದ್ದು. ಆಸ್ಪತ್ರೆಯಲ್ಲಿರುವ ಹೆಂಡತಿಗೆ ಊಟ ಒಯ್ಯುತ್ತಿದ್ದ ನಡುವಯಸ್ಸಿನ ಮನುಷ್ಯ. ಲಾಂಚು ಕಣ್ಣೆದುರೇ ಹೊರಟುಹೋಗಿದೆ. ಅವನು ತಿರುಗುತ್ತಾನೆ, ಎದುರಿಗೆ ಸಮವಸ್ತ್ರದಲ್ಲಿ ಕಾಣುವುದು ಅಕ್ಕ ಒಬ್ಬರೇ. ಬಾಯಿಗೆ ಬಂದಂತೆ ಬೈಯುತ್ತಾನೆ. ಟರ್ಮಿನಲ್ಲು, ಬಸ್ಸು, ಗೇಟು, ಸರ್ಕಾರ, ಅಕ್ಕನ ಹಳದಿ ಜಾಕೆಟ್ಟು, ಒಂದನ್ನೂ ಬಿಡುವುದಿಲ್ಲ. ಅಕ್ಕ ಎದುರು ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅವನ ಉಸಿರು ಸೋತಾಗ ಒರೆಸಿದ ಬೆಂಚು ತೋರಿಸುತ್ತಾರೆ, ಒಂದು ಲೋಟ ನೀರು ಕೊಡುತ್ತಾರೆ. ಅವನು ಕುಡಿದು, ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತಾನೆ. ಹೆಂಡತಿಗೆ ಏನಾಗಿದೆಯೆಂದು ಅಕ್ಕ ಕೇಳುತ್ತಾರೆ, ಅವನು ಹೇಳುತ್ತಾನೆ.

ಮುಂದಿನ ಲಾಂಚಿಗೆ ಅವನು ಹೋದ ಮೇಲೆ, ಬುಟ್ಟಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಹೇಗೋ ಬಸ್ಸು ಹತ್ತಿ ಬಂದಿದ್ದ ಗೆಳತಿ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ. “ಅಷ್ಟು ಬೈದ, ಕಲ್ಲಿನ ಹಾಗೆ ನಿಂತಿದ್ಯಲ್ಲೇ! ಗೇಟು ಮುಚ್ಚಿದ್ದು ನೀನಾ?”

“ನಾನಲ್ಲ” ಎನ್ನುತ್ತಾರೆ ಅಕ್ಕ, ಲೋಟ ತೊಳೆಯುತ್ತಾ. “ಗೇಟಿಗೆ ಬೈದ್ರೆ ಅದಕ್ಕೆ ಕೇಳ್ಸುತ್ತಾ? ಲಾಂಚು ತಪ್ಪಿದೋರಿಗೆ ಬೈಯೋಕಾದ್ರೂ ಒಬ್ಬರು ಬೇಕಲ್ಲೇ.”